ದೂರಸಂವೇದಿ ನಕ್ಷೆಗಳ ನಿಖರತೆ: ಶೃಂಗೇರಿ ಸೀಮೆಯ ಕಾಡು–ತೋಟಗಳ ಸಂದರ್ಭದಲ್ಲಿ ಒಂದು ವಿಮರ್ಶೆ

ಉಪಗ್ರಹ ದತ್ತಾಂಶದಿಂದ ಸಿದ್ಧಪಡಿಸಿದ ವಿಷಯಾಧಾರಿತ ನಕ್ಷೆಗಳೊಡನೆ ಒಟ್ಟು ನಿಖರತೆಯನ್ನು ಒಂದೇ ಶೇಕಡಾವಾರು ಅಂಕಿಯಲ್ಲಿ ಸೂಚಿಸುವ ರೂಢಿಯಿದೆ. ಆ ಅಂಕಿಯು ಮಲೆನಾಡಿನ ನೆಲಕ್ಕೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಗದ್ದೆ, ಅಡಿಕೆ ತೋಟ, ನೆರಳುಮರಗಳಡಿಯ ಕಾಫಿ, ಸಹಜ ಕಾಡು ಇವು ಒಂದಕ್ಕೊಂದು ಒತ್ತಿಕೊಂಡಿವೆ. ಲಿಸ್-3 ಸಂವೇದಕದ ಒಂದು ಚಿತ್ರಕಣದ ಬದಿ ಸುಮಾರು 23.5 ಮೀಟರ್. ಕಿರಿದಾದ ತೋಟದ ಅಂಚಿನಲ್ಲಿ ಒಂದೇ ಕಣದೊಳಗೆ ಅಡಿಕೆಯೂ ಕಾಡುಮರವೂ ಬೆರೆಯುತ್ತವೆ. ಕಾಫಿ ತೋಟದಲ್ಲಿ ಸಂವೇದಕಕ್ಕೆ ಮುಖ್ಯವಾಗಿ ಕಾಣುವುದು ನೆರಳುಮರದ ನೆತ್ತಿ.

1991ರಲ್ಲಿ ಪ್ರಕಟವಾದ ರಸೆಲ್ ಕಾಂಗಾಲ್ಟನ್ನರ ವಿಮರ್ಶಾ ಲೇಖನವು ನಿಖರತೆಯನ್ನು ದೋಷ ಕೋಷ್ಟಕದ ಮೂಲಕ ಅಳೆಯುವ ಕ್ರಮವನ್ನು ವಿವರಿಸಿತು. ಅದರ ಅಗತ್ಯವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಪರೀಕ್ಷಿಸಿದ 1,000 ಸ್ಥಳಗಳಲ್ಲಿ 900 ಕಾಡು, 100 ತೋಟ ಎಂದಿಟ್ಟುಕೊಳ್ಳೋಣ. ಕಾಡೆಲ್ಲವೂ ಸರಿಯಾಗಿ ಗುರುತಾಗಿ, 50 ತೋಟಗಳು ಕಾಡೆಂದು ದಾಖಲಾದರೆ ಒಟ್ಟು ನಿಖರತೆ ಶೇಕಡ 95. ಆದರೆ ತೋಟದ ಮಟ್ಟಿಗೆ ಅದು ಕೇವಲ ಶೇಕಡ 50. ಒಟ್ಟು ಅಂಕಿ ಮರೆಮಾಚುವುದು ಇದನ್ನೇ.

ದೋಷಕ್ಕೂ ವ್ಯಾಖ್ಯೆಗೂ ಇರುವ ಭೇದವೂ ಗಮನಾರ್ಹ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚು ವಿಸ್ತೀರ್ಣದ, ಶೇಕಡ 10 ಅಥವಾ ಅದಕ್ಕಿಂತ ಹೆಚ್ಚು ಮೇಲ್ಛಾವಣಿ ಸಾಂದ್ರತೆಯ ನೆಲವನ್ನು ಒಡೆತನ ಯಾರದೇ ಇರಲಿ ಅರಣ್ಯ ಹೊದಿಕೆಯೆಂದು ಎಣಿಸುತ್ತದೆ. ಈ ವ್ಯಾಖ್ಯೆಯಂತೆ ತೋಟವನ್ನು ಹೊದಿಕೆಗೆ ಸೇರಿಸುವುದು ತಪ್ಪಲ್ಲ. ಆದರೆ ಕಾಡು ಅಳಿದು ತೋಟವಾದರೂ ಹೊದಿಕೆಯ ಅಂಕಿ ಬದಲಾಗದೆ ಉಳಿಯಬಹುದು.

ನಕ್ಷೆಯು ನಿಯಂತ್ರಣದ ಆಧಾರವಾದಾಗ ಈ ಪ್ರಶ್ನೆ ತೀವ್ರವಾಗುತ್ತದೆ. 2013ರ ಕಸ್ತೂರಿರಂಗನ್ ಕಾರ್ಯಗುಂಪಿನ ವರದಿಯು ಉಪಗ್ರಹ ದತ್ತಾಂಶದ ನೆರವಿನಿಂದ ಪಶ್ಚಿಮ ಘಟ್ಟಗಳಲ್ಲಿ ಸಹಜ ಭೂದೃಶ್ಯವನ್ನು ಬೇರ್ಪಡಿಸಿ, ಶೇಕಡ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಪರಿಸರ ಸೂಕ್ಷ್ಮವಾಗಿರುವ ಗ್ರಾಮಗಳನ್ನು ಪಟ್ಟಿಮಾಡಿತು. ಈ ಮಿತಿಯ ಸಮೀಪವಿರುವ ಗ್ರಾಮದಲ್ಲಿ ಕೆಲವೇ ತೋಟಗಳ ತಪ್ಪು ವರ್ಗೀಕರಣವೂ ಗ್ರಾಮದ ಸ್ಥಾನವನ್ನು ಬದಲಿಸಬಲ್ಲದು. ತೋಟ ಕಾಡೆನಿಸಿದರೆ ಕೃಷಿಕನಿಗೆ ನಿರ್ಬಂಧ ತಟ್ಟುತ್ತದೆ. ಕಾಡು ತೋಟವೆನಿಸಿದರೆ ಅದರ ರಕ್ಷಣೆ ತಪ್ಪುತ್ತದೆ.

ಆದುದರಿಂದ ತೋಟವನ್ನು ಪ್ರತ್ಯೇಕ ವರ್ಗವಾಗಿ ಪರಿಗಣಿಸಿ, ಯಾದೃಚ್ಛಿಕ ಮಾದರಿಯ ಕ್ಷೇತ್ರ ಪರಿಶೀಲನೆಯನ್ನು ನಡೆಸಿ, ತಾಲ್ಲೂಕುವಾರು ದೋಷ ಕೋಷ್ಟಕವನ್ನು ನಕ್ಷೆಯೊಡನೆ ಪ್ರಕಟಿಸುವುದು ಅವಶ್ಯ. ಅದಿಲ್ಲದ ನಕ್ಷೆಯನ್ನು ಗ್ರಾಮಮಟ್ಟದ ನಿರ್ಣಯಕ್ಕೆ ಪ್ರಮಾಣವಾಗಿ ಸ್ವೀಕರಿಸುವುದು ಯುಕ್ತವಲ್ಲ.