ಕನ್ನಡ ಬಲ್ಲವರಿಗೆ ಸೋಲಿಗ ನುಡಿ

ತೀರ ಹತ್ತಿರದ ಎರಡು ನುಡಿಗಳಲ್ಲಿ ಒಂದನ್ನು ಬಲ್ಲವರು ಇನ್ನೊಂದನ್ನು ಕಲಿಯಹೊರಟರೆ ಅವರಿಗೆ ಎಂಥ ಪುಸ್ತಕ ಬೇಕು ಎಂಬ ಪ್ರಶ್ನೆಯನ್ನು ಪರೀಕ್ಷಿಸಲು ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಸೀಮೆ ತಕ್ಕ ಸ್ಥಳವಾಗಿದೆ. ಯಳಂದೂರಿನ ಮಗ್ಗುಲ ಬಿಳಿಗಿರಿರಂಗನ ಬೆಟ್ಟದಿಂದ ಹನೂರಿನ ಮಲೆ ಮಹದೇಶ್ವರ ಬೆಟ್ಟದವರೆಗಿನ ಪೋಡುಗಳಲ್ಲಿ, ಅಂದರೆ ಸೋಲಿಗರು ನೆಲೆನಿಂತ ಕಾಡಿನ ಊರುಗಳಲ್ಲಿ, ಆಡುವ ಮಾತು ಕನ್ನಡಕ್ಕೆ ಎಷ್ಟು ಸಮೀಪವೆಂದರೆ ಬಯಲಿನವರು ಅದನ್ನು ಕಲಿಯಬೇಕಾದ ಭಾಷೆಯೆಂದು ಎಣಿಸಿಯೇ ಇಲ್ಲ. ಪೋಡಿನ ಶಾಲೆಗೆ ವರ್ಗವಾಗಿ ಬರುವ ಶಿಕ್ಷಕರು, ದಾದಿಯರು, ಅರಣ್ಯ ಸಿಬ್ಬಂದಿ ಕನ್ನಡದಲ್ಲೇ ಮಾತನಾಡುತ್ತಾರೆ, ಸೋಲಿಗರೂ ಅವರೊಡನೆ ಕನ್ನಡದಲ್ಲೇ ಉತ್ತರಿಸುತ್ತಾರೆ. ಹೀಗೆ ಹೊಂದಿಕೊಳ್ಳುವ ಹೊರೆಯೆಲ್ಲ ಒಂದೇ ಪಕ್ಕದ ಮೇಲೆ ಬಿದ್ದಿರುವುದು ಯಾರ ಗಮನಕ್ಕೂ ಬರುವುದಿಲ್ಲ.

ಈ ಉದಾಸೀನಕ್ಕೆ ಹಳೆಯ ಬೇರುಗಳಿವೆ. 1800–01ರಲ್ಲಿ ದಕ್ಷಿಣದ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸ ಕಥನದಲ್ಲಿ ಸೋಲಿಗರ ಮಾತನ್ನು ಕನ್ನಡದ ಕೆಟ್ಟ ಅಥವಾ ಹಳೆಯ ರೂಪವೆಂದು ಗುರುತಿಸಿದ, ಮತ್ತು 1909ರಲ್ಲಿ ಎಡ್ಗರ್ ಥರ್ಸ್ಟನ್ ತನ್ನ ಜಾತಿ–ಬುಡಕಟ್ಟುಗಳ ಕೋಶದಲ್ಲಿ ಅದನ್ನೇ ಮತ್ತೆ ಎತ್ತಿಕೊಟ್ಟ. ಕೆಟ್ಟದ್ದು ಮತ್ತು ಹಳೆಯದು ಎರಡೂ ಒಂದೇ ಎಂಬಂತೆ ನಡುವೆ ಒಂದು ‘ಅಥವಾ’ ಹಾಕಿ ಮುಂದೆ ಸಾಗಿದ ಆ ತೀರ್ಮಾನವನ್ನು ಪರೀಕ್ಷಿಸುವ ಸಂದರ್ಭ ಗ್ರಿಯರ್ಸನ್ನನ ಭಾರತೀಯ ಭಾಷಾ ಸಮೀಕ್ಷೆಯ ಕಾಲದಲ್ಲಿ ಒದಗಬಹುದಿತ್ತು. ಆದರೆ 1799ರಿಂದ ಕಂಪನಿಯ ವಶಕ್ಕೆ ಹೋಗಿ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಮದ್ರಾಸ್ ಪ್ರಾಂತದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಯಳಂದೂರು ಮೈಸೂರು ಸಂಸ್ಥಾನದ್ದು. ಆ ಸಮೀಕ್ಷೆ ಮದ್ರಾಸಿನಲ್ಲೂ ನಡೆಯಲಿಲ್ಲ, ಮೈಸೂರಿನಲ್ಲೂ ನಡೆಯಲಿಲ್ಲ.

ಎರಡು ಆಡಳಿತಗಳ ನಡುವೆ ಹಂಚಿಹೋದ ನುಡಿಯ ಇನ್ನೊಂದು ಗತಿಯನ್ನು ತಿಳಿಯಲು ಮಲಾಯ್ ಭಾಷೆಯನ್ನು ನೋಡಬೇಕು. 1824ರ ಆಂಗ್ಲೋ–ಡಚ್ ಒಪ್ಪಂದ ಮಲಾಯ್ ಲೋಕವನ್ನು ಎರಡಾಗಿ ಸೀಳಿ, ಪರ್ಯಾಯ ದ್ವೀಪವನ್ನು ಬ್ರಿಟಿಷರಿಗೂ ಸುಮಾತ್ರಾ ಮೊದಲಾದ ದ್ವೀಪಗಳನ್ನು ಡಚ್ಚರಿಗೂ ಬಿಟ್ಟುಕೊಟ್ಟಿತು. ಆ ಮೇಲೆ ಒಂದೇ ಭಾಷೆಗೆ ಎರಡು ಕಾಗುಣಿತಗಳು ಬಂದವು: ‘ಚ’ ಧ್ವನಿಯನ್ನು ಒಂದು ಕಡೆ ‘ಸಿ–ಎಚ್’ ಎಂದೂ ಇನ್ನೊಂದು ಕಡೆ ‘ಟಿ–ಜೆ’ ಎಂದೂ ಬರೆಯಲಾಯಿತು. 1928ರ ಯುವಜನ ಪ್ರತಿಜ್ಞೆಯಲ್ಲಿ ಡಚ್ ಪಾಲಿನ ಮಲಾಯ್‌ಗೆ ಇಂಡೋನೇಷಿಯನ್ ಎಂಬ ಹೆಸರು ಸ್ಥಿರವಾಯಿತು. ಎರಡೂ ದೇಶಗಳು ಕೂಡಿ 1972ರಲ್ಲಿ ಕಾಗುಣಿತವನ್ನು ಒಂದುಗೂಡಿಸಿದರೂ ಪದಕೋಶಗಳು ಬೇರೆಯಾಗಿಯೇ ಉಳಿದವು. ‘ಪೆಜಾಬಾತ್’ ಎಂದರೆ ಕ್ವಾಲಾಲಂಪುರದಲ್ಲಿ ಕಚೇರಿ, ಜಕಾರ್ತಾದಲ್ಲಿ ಅಧಿಕಾರಿ; ‘ಪೆರ್ಚುಮಾ’ ಎಂದರೆ ಒಂದು ಕಡೆ ಪುಕ್ಕಟೆ, ಇನ್ನೊಂದು ಕಡೆ ವ್ಯರ್ಥ. ಇಂಡೋನೇಷಿಯನ್ ಬಲ್ಲವರು ಮಲಾಯ್ ಕಲಿಯಲು ಅಕ್ಷರದಿಂದ ಆರಂಭಿಸುವ ಪಾಠಮಾಲೆಯನ್ನು ಹಿಡಿದರೆ ಹತ್ತರಲ್ಲಿ ಒಂಬತ್ತು ಪುಟ ಗೊತ್ತಿದ್ದದ್ದೇ ಆಗಿರುತ್ತದೆ. ಅವರು ಎಡವುವುದು ಇಂಥ ಪದಗಳಲ್ಲಿ. ಆದ್ದರಿಂದ ಅವರಿಗೆ ನೆರವಾಗುವುದು ವ್ಯತ್ಯಾಸಗಳನ್ನಷ್ಟೇ ಪಟ್ಟಿಮಾಡಿ ವಿವರಿಸುವ ಪುಸ್ತಕ. ಎರಡು ರಾಜ್ಯಶಕ್ತಿಗಳು ಬೆನ್ನಿಗಿರುವುದರಿಂದ ಆ ಜೋಡಿಗೆ ನಿಘಂಟು, ವ್ಯಾಕರಣ, ಅಕಾಡೆಮಿ ಯಾವುದಕ್ಕೂ ಕೊರತೆಯಿಲ್ಲ.

ಸೋಲಿಗ ನುಡಿಗೆ ಅಂಥ ಬೆನ್ನಾಸರೆ ಇಲ್ಲವಾದರೂ ಅಂತರರಾಷ್ಟ್ರೀಯ ಭಾಷಾ ಸಂಕೇತಗಳ ಪಟ್ಟಿ ಅದಕ್ಕೆ ‘ಶೋಲಗ’ ಎಂಬ ಹೆಸರಿನಲ್ಲಿ ಪ್ರತ್ಯೇಕ ಸ್ಥಾನ ಕೊಟ್ಟಿದೆ. ಅದರ ಬಗ್ಗೆ ಇರುವ ಬರಹಗಳಲ್ಲಿ ಮೊದಲು ಹೆಸರಿಸಬೇಕಾದದ್ದು, ಇರುಳ ಭಾಷೆಯ ಅಧ್ಯಯನಕ್ಕೆ ಹೆಸರಾದ ಜೆಕ್ ವಿದ್ವಾಂಸ ಕಮಿಲ್ ಜ್ವೆಲೆಬಿಲ್ 1990ರಲ್ಲಿ ಅಮೆರಿಕದ ಪೌರ್ವಾತ್ಯ ಅಧ್ಯಯನ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಅದರ ಮೌಲ್ಯ ದೊಡ್ಡದು, ಏಕೆಂದರೆ ಬುಕನನ್ನನ ‘ಅಥವಾ’ದಿಂದ ಬಿಡಿಸಿಕೊಂಡು ಆ ಮಾತನ್ನು ಅದರದೇ ನಿಯಮಗಳುಳ್ಳ ವ್ಯವಸ್ಥೆಯೆಂದು ಅದು ಪರಿಶೀಲಿಸುತ್ತದೆ. ಆದರೆ ದ್ರಾವಿಡ ಭಾಷಾವಿಜ್ಞಾನಿಗಳನ್ನೇ ಓದುಗರೆಂದು ಇಟ್ಟುಕೊಂಡ ಆ ಬರಹ ಶೀರ್ಷಿಕೆಯಲ್ಲಿ ನೀಲಗಿರಿ ಪ್ರದೇಶವನ್ನು ಮುಂದಿಟ್ಟಿದೆ; ಹನೂರಿನ ಶಿಕ್ಷಕಿಯೊಬ್ಬರು ಅದನ್ನು ಹುಡುಕಿ ತೆಗೆದರೂ ಮಗುವಿನೊಡನೆ ಆಡುವ ಒಂದು ವಾಕ್ಯವನ್ನು ಅದರಿಂದ ಕಟ್ಟಿಕೊಳ್ಳುವುದು ಸುಲಭವಲ್ಲ.

ಎರಡನೆಯದು, ಭಾಷಾವಿಜ್ಞಾನಿ ಆಂಗ್ ಸಿ ಅವರು ಸೋಲಿಗರ ಪರಿಸರಜ್ಞಾನವನ್ನು ಭಾಷೆಯ ಮೂಲಕ ಪರಿಶೀಲಿಸಿ 2016ರಲ್ಲಿ ಹೊರತಂದ ಇಂಗ್ಲಿಷ್ ಗ್ರಂಥ. ಇದಕ್ಕೂ ಮುಂಚೆ, 2012ರಲ್ಲಿ, ಸಮೀರಾ ಅಗ್ನಿಹೋತ್ರಿ ಅವರೊಡನೆ ಸೋಲಿಗರ ಹಕ್ಕಿಜ್ಞಾನವನ್ನು ಕುರಿತು ಅವರು ಬರೆದ ಲೇಖನವನ್ನೂ ಇದರ ಜೊತೆಗಿಟ್ಟು ಓದಬೇಕು. ನುಡಿಯನ್ನು ವ್ಯಾಕರಣದ ಕೋಷ್ಟಕಗಳಲ್ಲಿ ಒಣಗಿಸದೆ ಮರ, ಹಕ್ಕಿ, ಜೇನು, ನೆಲದ ಹೆಸರುಗಳ ನಡುವೆ ಇಟ್ಟು ತೋರಿಸಿರುವುದು ಈ ಕೆಲಸದ ಹೆಗ್ಗಳಿಕೆ, ಮತ್ತು ಇದುವರೆಗೆ ಬಂದವುಗಳಲ್ಲಿ ಕಲಿಯುವವರಿಗೆ ಅತಿ ಹೆಚ್ಚು ದಕ್ಕುವ ಬರಹ ಇದೇ ಎನ್ನಬಹುದು. ಹೆಜ್ಜೇನು, ತುಡುವೆ, ಕಡ್ಡಿ, ನೆಸರಿ ಎಂದು ಸೋಲಿಗರು ನಾಲ್ಕು ಬಗೆಯ ಜೇನನ್ನು ಹೆಸರಿಸುತ್ತಾರೆ. ಇವುಗಳಲ್ಲಿ ಮೊದಲ ಎರಡು ಬಯಲಿನ ಕನ್ನಡಕ್ಕೂ ಪರಿಚಿತ. ಮೂರನೆಯದು ಹಲವು ಕಡೆ ಕೋಲುಜೇನು. ನಾಲ್ಕನೆಯದನ್ನು, ಅಂದರೆ ಚುಚ್ಚದ ಸಣ್ಣ ಜೇನನ್ನು, ಕರಾವಳಿಯವರು ಮುಜಂಟಿ ಎನ್ನುತ್ತಾರೆ. ನಿತ್ಯಹಸಿರಿನ ಕಾಡಿಗೆ ಸೋಲಿಗರು ಬಳಸುವ ‘ಕಾನು’ ಎಂಬ ಮಾತು ಬೆಟ್ಟದ ಬುಡದ ಕೊಳ್ಳೇಗಾಲದ ಆಡುಮಾತಿಗಿಂತ ದೂರದ ಸೊರಬ, ಸಾಗರಗಳ ಕಾನಿಗೆ ಹತ್ತಿರವಾಗಿದೆ. ಹಾಗಾದರೆ ಸೋಲಿಗ ನುಡಿಯನ್ನು ಪಕ್ಕದ ಊರಿನ ಕನ್ನಡದ ಹಾಳಾದ ನಕಲೆನ್ನುವುದು ನಿಲ್ಲದ ಮಾತು.

ವ್ಯತ್ಯಾಸ ಕೇವಲ ಪದದ್ದಲ್ಲ ಎಂಬುದಕ್ಕೆ ‘ಉಪ್ಪಿಲು’ ಒಳ್ಳೆಯ ಸಾಕ್ಷಿ. ಮರದ ಕೊಂಬೆಯಲ್ಲಿ ಬೇರುಬಿಟ್ಟು ಅದರ ರಸ ಹೀರುವ, ಬಯಲಿನವರು ಬಂದಳಿಕೆ ಎಂದು ಕರೆಯುವ ಸಸ್ಯಕ್ಕೆ ಸೋಲಿಗರಲ್ಲಿ ಆ ಹೆಸರಿದೆ. 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾದ ಮೇಲೆ ಅವರ ‘ತರಗು ಬೆಂಕಿ’, ಅಂದರೆ ಒಣಗಿದ ಎಲೆಗಳಿಗೆ ಹೊತ್ತಿಗೆ ಮುಂಚೆ ಹಚ್ಚುತ್ತಿದ್ದ ಸಣ್ಣ ಬೆಂಕಿ, ನಿಂತುಹೋಯಿತು. ಅದು ನಿಂತದ್ದರಿಂದಲೇ ನೆಲ್ಲಿ ಮರಗಳಲ್ಲಿ ಉಪ್ಪಿಲು ಹೆಚ್ಚಿತೆಂಬುದು ಸೋಲಿಗರ ವಾದ, ಮತ್ತು ಪರಿಸರ ಸಂಶೋಧಕರು ಅದನ್ನು ಗಂಭೀರವಾಗಿ ಚರ್ಚಿಸಿದ್ದಾರೆ. ಬಂದಳಿಕೆ ಎಂದು ಭಾಷಾಂತರಿಸಿಕೊಂಡು ಸುಮ್ಮನಾಗುವ ಅರಣ್ಯ ಸಿಬ್ಬಂದಿಗೆ ಸಸ್ಯದ ಗುರುತು ಸಿಗುತ್ತದೆ, ಆ ಹೆಸರಿಗೆ ಅಂಟಿಕೊಂಡಿರುವ ಬೆಂಕಿಯ ವಾದ ಸಿಗುವುದಿಲ್ಲ. ಆಂಗ್ ಸಿ ಅವರ ಮಾರ್ಗ ಗೆಲ್ಲುವುದು ಇಂಥಲ್ಲೇ. ಅದರ ಕೊರತೆ ಬೇರೆ ಕಡೆ ಇದೆ: ಕಾಡಿನ ಪದಗಳಲ್ಲಿ ಶ್ರೀಮಂತವಾದ ಆ ಪುಸ್ತಕದಲ್ಲಿ ಜ್ವರ ಬಂದ ಮಗುವನ್ನು, ಪಡಿತರ ಸಿಗದ ಮನೆಯನ್ನು, ಶಾಲೆ ಬಿಟ್ಟ ಹುಡುಗನನ್ನು ಕುರಿತ ಮಾತುಕತೆಗೆ ಜಾಗ ಕಡಿಮೆ, ಬೆಲೆಯೂ ಭಾಷೆಯೂ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೊಂದುವಂಥವು.

ಹೋಲಿಕೆಯ ಇನ್ನೊಂದು ತುದಿಯಾದ ಕನ್ನಡವನ್ನೂ ಸರಿಯಾಗಿ ಹಿಡಿಯಬೇಕು. ಸೋಲಿಗ ನುಡಿಯನ್ನು ಪಠ್ಯಪುಸ್ತಕದ ಕನ್ನಡದ ಪಕ್ಕ ಇಟ್ಟರೆ ದೊಡ್ಡದಾಗಿ ಕಾಣುವ ಕೆಲವು ಅಂತರಗಳು ‘ಊರ್ಗ’, ‘ಮನ್ಗ’ ಎನ್ನುವ ಚಾಮರಾಜನಗರ ಸೀಮೆಯ ಆಡುಮಾತಿನ ಪಕ್ಕ ಇಟ್ಟಾಗ ಚಿಕ್ಕವಾಗಬಹುದು, ಬೇರೆ ಕೆಲವು ಹಾಗೆಯೇ ಉಳಿಯಬಹುದು. ಈ ಕೆಲಸಕ್ಕೆ ಯು.ಪಿ. ಉಪಾಧ್ಯಾಯರು ನಂಜನಗೂಡಿನ ಕನ್ನಡವನ್ನು ಕುರಿತು ಮಾಡಿದ ಉಪಭಾಷಾ ಅಧ್ಯಯನ ಒಳ್ಳೆಯ ಅಡಿಪಾಯ. ದೇವನೂರ ಮಹಾದೇವರ ‘ಕುಸುಮಬಾಲೆ’ಯೂ ಈ ಸೀಮೆಯ ಮಾತಿಗೆ ಕಿವಿಯನ್ನು ಸಿದ್ಧಗೊಳಿಸುತ್ತದೆ. ಮಲೆ ಮಹದೇಶ್ವರನ ಕಾವ್ಯ ಸಂಕಮ್ಮ–ನೀಲೇಗೌಡರ ಪ್ರಸಂಗದಲ್ಲಿ ಸೋಲಿಗರ ಬದುಕನ್ನು ಒಳಗೊಂಡಿದೆಯಾದರೂ ಅದು ಕಂಸಾಳೆಯವರ ಕನ್ನಡ. ಅದನ್ನು ಸೋಲಿಗ ನುಡಿಯ ಪಾಠವೆಂದು ಬಳಸಿದರೆ ದಾರಿ ತಪ್ಪುತ್ತದೆ. ಗೊರುಕನದ ಹಾಡುಗಳು ಸೋಲಿಗರವೇ, ಆದರೆ ಕುಣಿತದ ಲಯಕ್ಕೆ ಪಲ್ಲವಿಯನ್ನು ಮತ್ತೆ ಮತ್ತೆ ಹೇಳುವ ಹಾಡಿನಿಂದ ಉಚ್ಚಾರವನ್ನು ಕಲಿಯಬಹುದೇ ಹೊರತು ಸಂಭಾಷಣೆಯನ್ನಲ್ಲ.

ಈಗಿರುವ ಸಾಮಗ್ರಿಯಲ್ಲಿ ಮಾಹಿತಿ ತಕ್ಕಮಟ್ಟಿಗೆ ಇದೆ, ಕಲಿಯುವವರ ಕಲ್ಪನೆ ಇಲ್ಲ. ಸೋಲಿಗವು ಸ್ವತಂತ್ರ ಭಾಷೆಯೋ ಕನ್ನಡದ ಉಪಭಾಷೆಯೋ ಎಂಬ ವಾದ ಮುಗಿಯಲಿ ಎಂದು ಕಾಯುವ ಅಗತ್ಯವೂ ಇಲ್ಲ. ಮಲಾಯ್ ಮತ್ತು ಇಂಡೋನೇಷಿಯನ್‌ಗಳು ಒಂದೋ ಎರಡೋ ಎಂಬ ಚರ್ಚೆ ನಡೆಯುತ್ತಿರುವಾಗಲೇ ಎರಡರ ವ್ಯತ್ಯಾಸಗಳನ್ನು ಪಟ್ಟಿಮಾಡಿದವರಿದ್ದಾರೆ. ಕನ್ನಡ ಬಲ್ಲವರಿಗಾಗಿ ಕನ್ನಡ ಲಿಪಿಯಲ್ಲೇ ಬರೆದ, ಧ್ವನಿಮುದ್ರಣ ಜೊತೆಗಿರುವ, ಬೇರೆಯಾಗುವ ಕಡೆಗಳನ್ನಷ್ಟೇ ಹಿಡಿದು ವಿವರಿಸುವ ಸಣ್ಣ ಕೈಪಿಡಿ ಇಲ್ಲಿ ಬೇಕಾದದ್ದು. ಅದನ್ನು ಹೊರಗಿನ ವಿದ್ವಾಂಸರೇ ಬರೆಯಬೇಕಿಲ್ಲ. 1981ರಲ್ಲಿ ಡಾ. ಎಚ್. ಸುದರ್ಶನ್ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಓದಿದ, ಮನೆಯಲ್ಲಿ ಸೋಲಿಗವನ್ನೂ ತರಗತಿಯಲ್ಲಿ ಕನ್ನಡವನ್ನೂ ಬಳಸಿದ ತಲೆಮಾರು ಬೆಳೆದು ನಿಂತಿದೆ, ಸಂಶೋಧಕರಾದ ಸಿ. ಮಾದೇಗೌಡರಂಥವರೂ ಆ ಸಮುದಾಯದಲ್ಲಿದ್ದಾರೆ. ಎರಡು ನುಡಿಗಳ ನಡುವಿನ ಹೊಲಿಗೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ದಿನವೂ ಆ ಗಡಿ ದಾಟುವವರಿಗೆ ತಿಳಿದಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಮಲಾಯ್‌ನ ದಾರಿಯನ್ನು ಇಲ್ಲಿ ಅನುಸರಿಸಲಾಗದು. ಜೋಹೋರ್–ರಿಯಾವು ಆಸ್ಥಾನದ ಮಾತು ಪ್ರತಿಷ್ಠೆಯದಾಗಿದ್ದರಿಂದ ಎರಡೂ ದೇಶಗಳು ಅದನ್ನೇ ಮಾದರಿಯೆಂದು ಒಪ್ಪಿದವು. ಸೋಲಿಗರಿಗೆ ಅಂಥ ಆಸ್ಥಾನವಿರಲಿಲ್ಲ. ಬಿಳಿಗಿರಿಯ ಬಂಗ್ಲೆ ಪೋಡಿನ ಮಾತು, ಮಹದೇಶ್ವರ ಬೆಟ್ಟದ ಕಡೆಯ ಮಾತು, ಗಡಿಯಾಚೆ ಸತ್ಯಮಂಗಲದ ಕಾಡುಗಳಲ್ಲಿ ತಮಿಳಿನ ನೆರೆಯಲ್ಲಿ ಬೆಳೆದ ಮಾತು, ಇವುಗಳಲ್ಲಿ ಯಾವುದನ್ನೂ ಶುದ್ಧವೆಂದು ಆರಿಸಿಕೊಳ್ಳದೆ ಮೂರನ್ನೂ ಅಕ್ಕಪಕ್ಕದ ಕಂಬಸಾಲುಗಳಲ್ಲಿ ಕೊಡುವುದು ಹೆಚ್ಚು ಶ್ರಮದ ಕೆಲಸ. ಸಂಗ್ರಹ ಸಂಶೋಧಕರಿಗೆ ಸುಲಭವಾಗಿ ಸಿಗುವ ಬಿಳಿಗಿರಿಯಿಂದ ಆರಂಭವಾಗುವುದು ಸಹಜವಾದ್ದರಿಂದ, ಹನೂರು ಭಾಗದ ಪೋಡುಗಳ ಪಾಲು ಅದರಲ್ಲಿ ತಪ್ಪಿಹೋಗದಂತೆ ಮೊದಲೇ ಗೊತ್ತುಮಾಡಿಕೊಳ್ಳಬೇಕು.