ಇಂದ್ರಿಯಮಾರ್ಗಣೆಯೂ ಆಂಫಿಪೋಡಗಳ ಅಂಗರಚನೆಯೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಭಾದ್ರಪದದ ದಶಲಕ್ಷಣಪರ್ವವು ಬಂದಿತೆಂದರೆ ಬಸದಿಗಳಲ್ಲಿ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ಓದಿ ಅರ್ಥ ಹೇಳುವ ಸಂಪ್ರದಾಯವುಂಟು. ಎರಡನೆಯ ಅಧ್ಯಾಯದಲ್ಲಿ ಜೀವಗಳ ಇಂದ್ರಿಯಸಂಖ್ಯೆಯ ವಿಚಾರವು ಬರುತ್ತದೆ. ಗಿಡಮರ ಮೊದಲಾದ ಸ್ಥಾವರಗಳಿಗೆ ಸ್ಪರ್ಶವೊಂದೇ. ಹುಳುವಿಗೆ ರಸನವೂ ಸೇರಿ ಎರಡು. ಇರುವೆಗೆ ಘ್ರಾಣವೂ ಸೇರಿ ಮೂರು. ದುಂಬಿಗೆ ಕಣ್ಣೂ ಸೇರಿ ನಾಲ್ಕು. ಮನುಷ್ಯಾದಿಗಳಿಗೆ ಕಿವಿಯೂ ಸೇರಿ ಐದು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಗೊಮ್ಮಟಸಾರದ ಜೀವಕಾಂಡವೂ, ಅದಕ್ಕೆ ಕೇಶವವರ್ಣಿಯು ಕ್ರಿ. ಶ. ೧೩೫೯ರಲ್ಲಿ ಮುಗಿಸಿದ ಕನ್ನಡ ವೃತ್ತಿಯಾದ ಜೀವತತ್ತ್ವಪ್ರದೀಪಿಕೆಯೂ ಇದನ್ನೇ ವಿಸ್ತರಿಸಿವೆ. ಜೈನಸಾಹಿತ್ಯವನ್ನು ಪಾಠ ಹೇಳುವ ನಾವು ಈ ಭಾಗಕ್ಕೆ ಬಂದಾಗ, ಇದು ನಮ್ಮವರ ಪ್ರಾಣಿಶಾಸ್ತ್ರ, ಪಾಶ್ಚಾತ್ಯರಿಗಿಂತ ಮೊದಲೇ ಹೇಳಿದ್ದು ಎಂದು ಒಂದು ಮಾತನ್ನು ಸೇರಿಸುವುದು ವಾಡಿಕೆಯಾಗಿದೆ. ನಾನೂ ಬಹುಕಾಲ ಹಾಗೆ ಹೇಳಿದವನೇ. ಈ ಹೊಗಳಿಕೆಯು ಗ್ರಂಥಕ್ಕೆ ಹಿತವೇ ಅಹಿತವೇ ಎಂಬುದನ್ನು ಒಂದು ಸಣ್ಣ ಪ್ರಾಣಿವರ್ಗವನ್ನು ಮುಂದಿಟ್ಟುಕೊಂಡು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಆ ವರ್ಗವು ಆಂಫಿಪೋಡ. ಏಡಿ ಸೀಗಡಿಗಳಿರುವ ಕ್ರಸ್ಟೇಷಿಯ ಸಮೂಹಕ್ಕೆ ಇದು ಸೇರಿದುದು. ಬಹುಪಾಲು ಕಡಲಿನವು, ಸಾಧಾರಣವಾಗಿ ಜೋಳದ ಕಾಳಿನಷ್ಟೋ ಅದಕ್ಕೂ ಚಿಕ್ಕದೋ ಆದ ಮೈ. ಕಡಲ ದಂಡೆಯಲ್ಲಿ ಒಣಗುತ್ತಿರುವ ಪಾಚಿಯನ್ನೆತ್ತಿದರೆ ಚಿಟಿಚಿಟಿ ನೆಗೆದು ಮರಳಲ್ಲಿ ಮಾಯವಾಗುವ ಮರಳುನೆಗೆತಗಳು ಇವುಗಳಲ್ಲಿ ಒಂದು ಬಗೆ. ಕೃಷ್ಣಾ ದೂಧಗಂಗಾ ತೀರದ ವಾಚಕರಿಗೆ ಕಡಲು ದೂರವೆಂಬುದು ನಿಜ. ಆದರೆ ಇರುವೆ, ದುಂಬಿಗಳ ವಿಷಯದಲ್ಲಿ ನಮಗೆಲ್ಲ ಮೊದಲೇ ಒಂದೊಂದು ಅಭಿಪ್ರಾಯವಿರುವುದು. ಶಾಸ್ತ್ರದ ಪಟ್ಟಿಯಲ್ಲಿ ಎಲ್ಲಿಡಬೇಕೆಂದು ತಟ್ಟನೆ ತೋಚದ ಪ್ರಾಣಿಯೇ ಪರೀಕ್ಷೆಗೆ ತಕ್ಕುದು.

ಅಂಗರಚನೆಯನ್ನು ನೋಡೋಣ. ಆಂಫಿಪೋಡದ ಮೈ ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆಯಾಗಿರುವುದು. ಏಡಿಗಿರುವಂತೆ ಬೆನ್ನನ್ನು ಮುಚ್ಚುವ ಒಂದೇ ಚಿಪ್ಪು ಇದಕ್ಕಿಲ್ಲ. ತಲೆಯ ಹಿಂದೆ ಉಂಗುರಗಳು ಬಿಡಿಬಿಡಿಯಾಗಿ ಕಾಣುವುವು. ಎದೆಯ ಮೊದಲನೆಯ ಉಂಗುರವು ತಲೆಯೊಡನೆ ಬೆಸೆದುಹೋಗಿ, ಅದರ ಕಾಲುಗಳು ಬಾಯಿಯ ಉಪಕರಣಗಳಾಗಿವೆ. ಉಳಿದ ಏಳು ಉಂಗುರಗಳಿಗೆ ಏಳು ಜೊತೆ ಕಾಲು. ಅವುಗಳಲ್ಲಿ ಮೊದಲೆರಡು ಜೊತೆಗಳು ಹಿಡಿಯುವುದಕ್ಕಾದವು. ತುದಿಯ ಉಗುರು ಮಡಿಚಿಕೊಂಡು ಹಿಂದಿನ ಗಿಣ್ಣಿಗೆ ಒತ್ತುವುದು, ಮಡಿಸುವ ಚಾಕುವಿನ ಅಲಗು ಹಿಡಿಗೆ ಕೂಡುವಂತೆ. ಮುಂದಿನ ಎರಡು ಜೊತೆಗಳು ಒಂದು ದಿಕ್ಕಿಗೂ ಕೊನೆಯ ಮೂರು ಜೊತೆಗಳು ಅದಕ್ಕೆ ಎದುರುದಿಕ್ಕಿಗೂ ಬಾಗಿರುವುವು. ಹೆಸರು ಬಂದುದು ಇದರಿಂದಲೇ: ಗ್ರೀಕಿನಲ್ಲಿ ಆಂಫಿ ಎಂದರೆ ಎರಡೂ ಕಡೆ, ಪೋಡ ಎಂದರೆ ಕಾಲುಳ್ಳದ್ದು. ೧೮೧೬ರಲ್ಲಿ ಫ್ರಾನ್ಸಿನ ಲತ್ರೇಲನು ಈ ಹೆಸರಿಟ್ಟನು. ಇದನ್ನು ಉಭಯಪದಿ ಎಂದು ಸಂಸ್ಕೃತಿಸುವುದು ಸುಲಭ. ಆದರೆ ಕೇಳಿದವನಿಗೆ ಎರಡು ಕಾಲಿನ ಪ್ರಾಣಿಯೆಂಬ ಭ್ರಾಂತಿ ಹುಟ್ಟುವುದರಿಂದ ಆ ಅನುವಾದವು ನನಗೆ ಒಪ್ಪಿಗೆಯಿಲ್ಲ. ಅಂಕಿತನಾಮವನ್ನು ಇದ್ದಂತೆ ಇಟ್ಟುಕೊಂಡು ಅಂಗಗಳನ್ನು ಕನ್ನಡದಲ್ಲಿ ವರ್ಣಿಸುವುದು ಲೇಸು.

ಎದೆಯ ಕಾಲುಗಳ ಬುಡದಲ್ಲಿ ಒಳಮಗ್ಗುಲಿಗೆ ಕಿವಿರುಗಳು ಜೋಲುವುವು. ಹೆಣ್ಣಿನಲ್ಲಿ ಅಲ್ಲಿಯೇ ತೆಳುವಾದ ಫಲಕಗಳು ಕೂಡಿ ಒಂದು ಚೀಲವಾಗಿ, ಮೊಟ್ಟೆಗಳು ಅದರೊಳಗೆ ಒಡೆದು, ಮರಿಗಳು ತಾಯಿಯ ಕಿರುರೂಪವಾಗಿಯೇ ಹೊರಬೀಳುವುವು. ಹೊಟ್ಟೆಯ ಆರು ಉಂಗುರಗಳಲ್ಲಿ ಮೊದಲ ಮೂರಕ್ಕೆ ಈಜುವ ಮೃದುಗಾಲುಗಳು, ಕೊನೆಯ ಮೂರಕ್ಕೆ ಗಡುಸಾದ ಕವಲುಗಾಲುಗಳು; ಮರಳುನೆಗೆತವು ನೆಗೆಯುವುದು ಈ ಹಿಂಭಾಗವನ್ನು ಮಡಿಚಿ ಚಿಮ್ಮಿಯೇ. ತಲೆಯಲ್ಲಿ ಎರಡು ಜೊತೆ ಕುಡಿಮೀಸೆ. ಕಣ್ಣುಗಳು ಏಡಿಯವುಗಳಂತೆ ಕಾಂಡದ ಮೇಲಿರದೆ ತಲೆಯ ಪಕ್ಕಕ್ಕೆ ಹತ್ತಿಕೊಂಡಿರುವುವು.

ಇನ್ನು ವರ್ಗೀಕರಣ. ಈಗ ಹತ್ತುಸಾವಿರಕ್ಕೆ ಮಿಕ್ಕ ಜಾತಿಗಳು ಗೊತ್ತಾಗಿವೆ. ನಮ್ಮ ದೇಶದವುಗಳಲ್ಲಿ ಚಿಲ್ಕಾ ಸರೋವರದವನ್ನು ಚಿಲ್ಟನ್ ೧೯೨೧ರಲ್ಲಿಯೂ, ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಸಂಗ್ರಹದವನ್ನು ಬಾರ್ನಾರ್ಡ್ ೧೯೩೫ರಲ್ಲಿಯೂ, ಮದರಾಸಿನ ಕರಾವಳಿಯವನ್ನು ನಾಯರ್ ೧೯೫೯ರಲ್ಲಿಯೂ ವರ್ಣಿಸಿದರು. ಬಹುಕಾಲ ಇವನ್ನು ನಾಲ್ಕು ಉಪಗಣಗಳಾಗಿ ಹಂಚುತ್ತಿದ್ದರು. ಸಾಮಾನ್ಯ ರೂಪದವೆಲ್ಲ ಗ್ಯಾಮರಿಡಿಯ. ತಲೆಯನ್ನೆಲ್ಲ ಕಣ್ಣೇ ಆವರಿಸಿ ಅಂಬಲಿಮೀನುಗಳ ಮೈಯಲ್ಲಿ ವಾಸಿಸುವವು ಹೈಪರೀಡಿಯ. ಹೊಟ್ಟೆಯು ಬರಿಯ ಮೊಟುಕಾಗಿ ಮೈಯೆಲ್ಲ ಕಡ್ಡಿಯಂತಿರುವವು ಕ್ಯಾಪ್ರೆಲ್ಲಿಡಿಯ. ನೆಲದಾಳದ ಹುಳುವಿನಾಕಾರದವು ಇಂಗೋಲ್ಫಿಯೆಲ್ಲಿಡಿಯ. ೨೦೦೩ರಲ್ಲಿ ಮಯರ್ಸ್ ಮತ್ತು ಲೌರಿ ಎಂಬವರು ಕಡ್ಡಿಮೈಯ ಕ್ಯಾಪ್ರೆಲ್ಲಗಳು ಪ್ರತ್ಯೇಕ ಉಪಗಣವಲ್ಲ, ಗೂಡು ಕಟ್ಟುವ ಕೆಲವು ಸಾಮಾನ್ಯರೂಪಿಗಳ ಹತ್ತಿರದ ನಂಟರೇ ಹೊಟ್ಟೆಯನ್ನು ಕಳೆದುಕೊಂಡು ಹೀಗಾಗಿವೆ ಎಂದು ನಿರ್ಣಯಿಸಿದರು. ಅವರೇ ೨೦೧೩ರಲ್ಲಿ ಬಾಲದ ಮೊದಲೆರಡು ಜೊತೆ ಕವಲುಗಾಲುಗಳ ತುದಿಯ ಗಟ್ಟಿಮುಳ್ಳುಗಳನ್ನು ಮುಖ್ಯ ಕುರುಹಾಗಿ ಹಿಡಿದು ಸೆಂಟಿಕಾಡೇಟ ಎಂಬ ದೊಡ್ಡ ಉಪಗಣವನ್ನು ಸ್ಥಾಪಿಸಿದರು. ಅನಂತರದ ಆನುವಂಶಿಕ ಪರೀಕ್ಷೆಗಳು ಇದನ್ನು ಇಡಿಯಾಗಿ ಸಮರ್ಥಿಸಿಲ್ಲ, ವಾದವು ಮುಗಿದಿಲ್ಲ.

ಹಸ್ತಪ್ರತಿಗಳನ್ನು ಶೋಧಿಸುವವರಿಗೆ ಈ ನ್ಯಾಯವು ಹೊಸದಲ್ಲ. ಕೊನೆಯ ಗರಿಗಳು ಕಳೆದ ಪ್ರತಿಯು ಆ ಕಾರಣದಿಂದಲೇ ಬೇರೊಂದು ಪಾಠಪರಂಪರೆಯಾಗುವುದಿಲ್ಲ. ಉಳಿದ ಗರಿಗಳ ಪಾಠವನ್ನು ನೋಡಿ ಅದರ ಮೂಲವನ್ನು ಹೇಳಬೇಕು. ಎರಡು ಪ್ರತಿಗಳಿಗೆ ಒಂದೇ ಸ್ಖಾಲಿತ್ಯವಿದ್ದರೆ ಅದು ನೂರು ಸರಿಪಾಠಗಳಿಗಿಂತ ಹೆಚ್ಚಿನ ಸಾಕ್ಷಿ. ಚಿಕ್ಕೋಡಿ ತಾಲ್ಲೂಕಿನ ಸದಲಗಾ ಗ್ರಾಮದಲ್ಲಿ ಹುಟ್ಟಿ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಆ. ನೇ. ಉಪಾಧ್ಯೆಯವರು (೧೯೦೬–೧೯೭೫) ೧೯೪೦ರ ಸುಮಾರಿಗೆ ಜೀವತತ್ತ್ವಪ್ರದೀಪಿಕೆಯ ವಿಷಯದಲ್ಲಿ ಮಾಡಿದ್ದೂ ಇಂತಹ ಕೆಲಸವೇ. ಅದೇ ಹೆಸರಿನ ಸಂಸ್ಕೃತ ಟೀಕೆಯನ್ನು ಕೇಶವವರ್ಣಿಯದೆಂದು ಬಹುಮಂದಿ ನಂಬಿದ್ದರು. ಕೇಶವವರ್ಣಿಯದು ಕನ್ನಡ ವೃತ್ತಿ, ಸಂಸ್ಕೃತದ್ದು ಅದನ್ನನುಸರಿಸಿ ಮತ್ತೊಬ್ಬ ನೇಮಿಚಂದ್ರನು ಬರೆದುದು ಎಂದು ಉಪಾಧ್ಯೆಯವರು ತೋರಿಸಿದರು. ಹೀಗೆ ಕನ್ನಡವೇ ಇಲ್ಲಿ ಮೂಲವಾಯಿತು.

ಈಗ ಪ್ರಶ್ನೆಯನ್ನು ಕೇಳಬಹುದು. ಆಂಫಿಪೋಡವು ಎಷ್ಟು ಇಂದ್ರಿಯಗಳ ಜೀವ? ಮರಳುನೆಗೆತಕ್ಕೆ ಕಣ್ಣಿದೆ, ಅದು ಸೂರ್ಯನನ್ನು ನೋಡಿ ಕಡಲಿನ ದಿಕ್ಕನ್ನು ಹಿಡಿಯುವುದೆಂದು ಇಟಲಿಯ ಪಾರ್ಡಿ ಮತ್ತು ಪಾಪಿ ಎಂಬವರು ೧೯೫೦ರ ದಶಕದಲ್ಲಿ ತೋರಿಸಿದರು. ಕಿವಿಯಿಲ್ಲವೆಂದಿಟ್ಟುಕೊಂಡರೆ ಚತುರಿಂದ್ರಿಯ. ಆದರೆ ನಮ್ಮ ತಾಲ್ಲೂಕುಗಳನ್ನು ತೊಯ್ದು ಹೋಗುವ ಕೃಷ್ಣೆಯು ಕಡಲು ಸೇರುವ ಆಂಧ್ರಪ್ರದೇಶದ ಬಾವಿಗಳಲ್ಲಿ ದೊರೆತು, ೨೦೦೬ರಲ್ಲಿ ಹೋಲ್ಸಿಂಗರ್, ರಂಗಾರೆಡ್ಡಿ, ಮೆಸ್ಸೂಲಿ ಎಂಬವರಿಂದ ಬೋಗಿಡಿಯೆಲ್ಲ ಇಂಡಿಕ ಎಂದು ಹೆಸರು ಪಡೆದ ಅಂತರ್ಜಲದ ಆಂಫಿಪೋಡಕ್ಕೆ ಕಣ್ಣೇ ಇಲ್ಲ. ಇಂದ್ರಿಯಗಳನ್ನೆಣಿಸಿದರೆ ಇದು ತ್ರೀಂದ್ರಿಯವಾಗಿ ಇರುವೆಯ ಪಂಕ್ತಿಗೂ, ಮರಳುನೆಗೆತವು ದುಂಬಿಯ ಪಂಕ್ತಿಗೂ ಹೋಗಬೇಕು. ಅಂಗರಚನೆಯನ್ನು ನೋಡಿದವರಾದರೋ ಇವೆರಡನ್ನೂ, ಜೊತೆಗೆ ಕಡ್ಡಿಮೈಯ ಕ್ಯಾಪ್ರೆಲ್ಲವನ್ನೂ, ಒಂದೇ ಸೆಂಟಿಕಾಡೇಟದಲ್ಲಿ ಇಟ್ಟರು. ಎಣಿಕೆಯೂ ನಿಷ್ಕೃಷ್ಟವಲ್ಲ. ನೀರಿನಲ್ಲಿ ಕರಗಿ ಬರುವ ದ್ರವ್ಯವನ್ನು ಕುಡಿಮೀಸೆಯ ಸೂಕ್ಷ್ಮರೋಮಗಳು ಗ್ರಹಿಸುವಾಗ ಅದು ರಸನವೋ ಘ್ರಾಣವೋ? ನೀರಿನ ಕಂಪವನ್ನು ಮೈಗೂದಲು ಗ್ರಹಿಸುವಾಗ ಅದು ಸ್ಪರ್ಶವೋ ಶ್ರವಣವೋ?

ಇದಕ್ಕಿಂತ ಕಷ್ಟದ ವಿಷಯವು ಇರುವೆಯದೇ. ಬಹುಪಾಲು ಇರುವೆಗಳಿಗೆ ಕಣ್ಣುಂಟು. ೧೯೧೧ರಲ್ಲಿ ಸಾಂಟ್ಶಿ ಎಂಬವನು ಇರುವೆಗೆ ಸೂರ್ಯನನ್ನು ಮರೆಮಾಡಿ, ಕನ್ನಡಿಯಲ್ಲಿ ಬೇರೆ ಕಡೆಯಿಂದ ತೋರಿಸಲು, ಅದು ನಡೆಯುವ ದಿಕ್ಕನ್ನೇ ಬದಲಿಸಿತು. ಕುಂದಕುಂದಾಚಾರ್ಯರ ಪಂಚಾಸ್ತಿಕಾಯದಲ್ಲಿ ಇರುವೆಯೊಡನೆ ತ್ರೀಂದ್ರಿಯಗಳಲ್ಲಿ ಎಣಿಸಿರುವ ಚೇಳಿಗೂ ಕಣ್ಣುಗಳುಂಟು. ಇಂದ್ರಿಯವಿಚಾರವನ್ನು ಪ್ರಾಣಿಶಾಸ್ತ್ರವೆಂದು ಹೊಗಳಿದರೆ, ಒಂದು ಇರುವೆಯನ್ನೂ ಒಂದು ಭೂತಗನ್ನಡಿಯನ್ನೂ ಹಿಡಿದ ವಿದ್ಯಾರ್ಥಿಯು ತತ್ತ್ವಾರ್ಥಸೂತ್ರವನ್ನು ಸುಳ್ಳೆಂದು ತಳ್ಳಿಹಾಕುವನು. ಅವನನ್ನು ಆ ಸ್ಥಿತಿಗೆ ತಂದವರು ಹೊಗಳಿದ ನಾವೇ.

ಗ್ರಂಥವು ಹೇಳುವುದೇನೆಂದು ಸಾವಧಾನವಾಗಿ ನೋಡಿದರೆ ಈ ಸಂಕಟವು ಬಹುಮಟ್ಟಿಗೆ ನಾವು ತಂದುಕೊಂಡದ್ದೆಂದು ತಿಳಿಯುವುದು. ಮೊದಲನೆಯದಾಗಿ, ತತ್ತ್ವಾರ್ಥಸೂತ್ರವೇ ಇಂದ್ರಿಯವನ್ನು ದ್ರವ್ಯೇಂದ್ರಿಯ ಭಾವೇಂದ್ರಿಯ ಎಂದು ಎರಡಾಗಿ ವಿಭಾಗಿಸಿದೆ. ಮೈಯಲ್ಲಿ ಕಾಣುವ ಅಂಗವು ದ್ರವ್ಯ. ಜೀವದ ಗ್ರಹಣಶಕ್ತಿಯೂ ಅದರ ವ್ಯಾಪಾರವೂ ಭಾವ. ಕುರುಡನಾದ ಮನುಷ್ಯನು ಪಂಚೇಂದ್ರಿಯನೇ ಹೊರತು ಚತುರಿಂದ್ರಿಯನಲ್ಲ. ಆದುದರಿಂದ ಬಾವಿಯ ಬೋಗಿಡಿಯೆಲ್ಲವನ್ನು ಸೂಜಿಯಿಂದ ಬಿಡಿಸಿ ನೋಡಿ, ಕಣ್ಣಿಲ್ಲವೆಂಬಷ್ಟರಿಂದ ಅದರ ಇಂದ್ರಿಯಜಾತಿಯನ್ನು ಹೇಳಲಾಗದು. ಎರಡನೆಯದು ಇನ್ನೂ ಮುಖ್ಯವಾದುದು. ಜೀವಕಾಂಡದಲ್ಲಿ ಇಂದ್ರಿಯವು ಹದಿನಾಲ್ಕು ಮಾರ್ಗಣೆಗಳಲ್ಲಿ ಒಂದು ಮಾತ್ರ. ಮಾರ್ಗಣೆಯೆಂದರೆ ಹುಡುಕುವ ದಾರಿ. ಗತಿ, ಕಾಯ, ಕಷಾಯ, ಜ್ಞಾನ, ಲೇಶ್ಯೆ ಮೊದಲಾದ ಎಲ್ಲ ದಾರಿಗಳಿಂದಲೂ ಒಂದೇ ಜೀವವನ್ನು ಏಕಕಾಲದಲ್ಲಿ ಹುಡುಕಬಹುದು. ಲತ್ರೇಲನ ಕ್ರಮದಲ್ಲಿ ಪ್ರಾಣಿಗೆ ಗಣದೊಳಗೆ ಕುಲ, ಕುಲದೊಳಗೆ ಜಾತಿ ಎಂದು ಒಂದೇ ಮನೆ. ನೇಮಿಚಂದ್ರನ ಕ್ರಮದಲ್ಲಿ ಜೀವಕ್ಕೆ ಹದಿನಾಲ್ಕು ಬಾಗಿಲು. ಅಲ್ಲಿ ತ್ರೀಂದ್ರಿಯವೆಂಬುದು ವಂಶದ ಹೆಸರೂ ಅಲ್ಲ. ಕರ್ಮವಶದಿಂದ ಜೀವವು ಹೊಕ್ಕು ಹೊರಡುವ ಒಂದು ಅವಸ್ಥೆ.

ಇಷ್ಟರಿಂದ ಇರುವೆಯ ಕಣ್ಣಿನ ಆಕ್ಷೇಪಣೆಯು ಪೂರ್ತಿ ಪರಿಹಾರವಾಯಿತೆಂದು ನಾನು ಹೇಳಲಾರೆ. ಭಾವೇಂದ್ರಿಯವಿಲ್ಲವೆಂದು ವಾದಿಸುವುದಕ್ಕೆ ಸಾಂಟ್ಶಿಯ ಕನ್ನಡಿಯು ಅಡ್ಡಬರುವುದು. ಉದಾಹರಣೆಯು ಆ ಕಾಲದ ಲೋಕಾನುಭವದಿಂದ ಬಂದುದು, ಅದು ತಪ್ಪಿದೆ ಎಂದು ಟಿಪ್ಪಣಿಯಲ್ಲಿ ನೇರವಾಗಿ ಬರೆಯುವುದೇ ಸರಿ. ಉದಾಹರಣೆ ತಪ್ಪಿದರೆ ಲಕ್ಷಣವು ತಪ್ಪಬೇಕಾಗಿಲ್ಲವೆಂಬುದು ಅಲಂಕಾರಶಾಸ್ತ್ರವನ್ನು ಓದಿದ ನಮಗೆ ತಿಳಿಯದ ಮಾತಲ್ಲ.

ಕೇಶವವರ್ಣಿಯ ವೃತ್ತಿಯು ಉಪಾಧ್ಯೆಯವರ ಮತ್ತು ಕೈಲಾಸಚಂದ್ರ ಶಾಸ್ತ್ರಿಗಳ ಸಂಪಾದನೆಯಲ್ಲಿ ಭಾರತೀಯ ಜ್ಞಾನಪೀಠದಿಂದ ಅಚ್ಚಾಗಿ ದೊರೆಯುತ್ತಿದೆ. ತರಗತಿಯಲ್ಲಿ ಅದರ ಇಂದ್ರಿಯಮಾರ್ಗಣೆಯನ್ನು ಓದಿಸುವವರು, ಕಣ್ಣು ಮಸೂರಧಾನ್ಯದ ಆಕಾರ, ಕಿವಿ ಜವೆಯ ನಾಳದ ಆಕಾರ ಎಂಬ ಜೀವಕಾಂಡದ ಗಾಥೆಯ ಬಳಿ ಆಂಫಿಪೋಡದ ಒಂದು ಚಿತ್ರವನ್ನಿಟ್ಟು, ಈ ಗಾಥೆಯು ಇದಕ್ಕೆ ಎಲ್ಲಿಯವರೆಗೆ ಹೊಂದುವುದು, ಎಲ್ಲಿಂದ ಮುಂದೆ ಹೊಂದದು ಎಂದು ವಿದ್ಯಾರ್ಥಿಗಳಿಂದಲೇ ಬರೆಯಿಸಲಿ.