ತ್ರಿಶಂಕುವಿನ ದಿಕ್ಕು

ನಕ್ಷತ್ರವೀಕ್ಷಣೆಯ ರುಚಿ ಹತ್ತಿದವರಿಗೆ ಶಾಮನೂರು ಒಂದು ಭಾಗ್ಯಸ್ಥಾನವೆಂದರೆ ದಾವಣಗೆರೆಯವರೇ ನಕ್ಕಾರು. ಆದರೆ ಲಂಡನ್ನಿನ ಖಗೋಳಪ್ರಿಯನು ತನ್ನ ಊರಿನಿಂದ ಎಂದೆಂದಿಗೂ ಕಾಣಲಾರದ ತ್ರಿಶಂಕು ನಕ್ಷತ್ರಪುಂಜವು, ಮೇ ತಿಂಗಳ ನಡುವೆ ರಾತ್ರಿ 9 ಗಂಟೆಯ ಸುಮಾರಿಗೆ, ಇಲ್ಲಿಯ ಗದ್ದೆಯ ಬದುವಿನ ಮೇಲೆ ನಿಂತವನಿಗೆ ದಕ್ಷಿಣ ದಿಗಂತದಿಂದ 12ರಿಂದ 18 ಡಿಗ್ರಿಗಳೆತ್ತರದಲ್ಲಿ ನೆಟ್ಟಗೆ ನಿಂತು ದರ್ಶನವೀಯಬೇಕು. ಅದರ ಎಡಕ್ಕೆ, ಇನ್ನೂ ಮೇಲೆ, ಸುಮಾರು ಒಂದು ಕೋಟಿ ತಾರೆಗಳ ಗೋಳಗುಚ್ಛವಾದ ಒಮೆಗಾ ಸೆಂಟಾರಿಯು ಬರಿಗಣ್ಣಿಗೆ ಮಸುಕು ಚುಕ್ಕಿಯಾಗಿ, ದುರ್ಬೀನಿನಲ್ಲಿ ಚೆಲ್ಲಿದ ರಾಗಿಹಿಟ್ಟಿನಂತೆ ತೋರಬೇಕು.

ತೋರಬೇಕು ಎಂದೆ, ತೋರುತ್ತದೆ ಎನ್ನಲಾರೆ. ದಿಗಂತಕ್ಕೆ ಸಮೀಪವಾದ ತಾರೆಗಳ ಬೆಳಕು ವಾಯುಮಂಡಲದ ಅತಿ ದಪ್ಪವಾದ ಪದರವನ್ನು ಹಾದು ಬರತಕ್ಕದ್ದು. ಊರದೀಪಗಳ ಪ್ರಭೆ ಮಡುಗಟ್ಟುವುದೂ ಅಲ್ಲಿಯೇ. ಆದುದರಿಂದ ನಾವು ಮೊದಲು ಕಳೆದುಕೊಳ್ಳುವುದು ಗುರುಶುಕ್ರರನ್ನಲ್ಲ, ನಮ್ಮ ಅಕ್ಷಾಂಶದ ವಿಶೇಷ ಸ್ವತ್ತಾದ ಈ ದಕ್ಷಿಣದಾಕಾಶವನ್ನು. ಹಳೆಯ ಸೋಡಿಯಂ ದೀಪಗಳ ಹಳದಿಗಿಂತ ಬಿಳಿಯ ಎಲ್‌ಇಡಿಯಲ್ಲಡಗಿರುವ ನೀಲಿ ಬೆಳಕು ಗಾಳಿಯ ಅಣುಗಳಿಂದ ಸುಮಾರು ಮೂರು ಪಟ್ಟು ಹೆಚ್ಚಾಗಿ ಚದುರುತ್ತದೆ. ಇಂದ್ರನು ಕೆಳಕ್ಕೆ ತಳ್ಳಿದಾಗ ವಿಶ್ವಾಮಿತ್ರನು ತಡೆದು ನಿಲ್ಲಿಸಿದ ಅರಸನನ್ನು ಅಳಿಸುವುದಕ್ಕೆ ಬೀದಿಯ ಕಂಬಗಳೇ ಸಾಕಾದವು!

ಕತ್ತಲ ದಾರಿಯಲ್ಲಿ ಹಾವು ತುಳಿಯಿರೆಂದು ಉಪದೇಶಿಸುವ ಹುಚ್ಚು ನನಗಿಲ್ಲ. ದೀಪಕ್ಕೆ ಮೇಲೊಂದು ಮುಚ್ಚಳ, ಬೆಳಕಿಗೆ ತುಸು ಹಳದಿ ಬಣ್ಣ, ಇಷ್ಟೇ ಬೇಡಿಕೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಸ್ಥಾಪಿಸಿದ ಎರಡು ಮೀಟರ್ ದೂರದರ್ಶಕವನ್ನು ಉಪಗ್ರಹದ ಮೂಲಕ ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. 2022ರಲ್ಲಿ ಕತ್ತಲಾಕಾಶದ ರಕ್ಷಿತ ಪ್ರದೇಶವೆಂದು ಘೋಷಿತವಾದ ಆ ಸೀಮೆಯ ಹಳ್ಳಿಗರು ಕಿಟಕಿಗೆ ಪರದೆ ಎಳೆದೂ ದೀಪಕ್ಕೆ ಮರೆ ಕಟ್ಟಿಯೂ ಸುಖವಾಗಿಯೇ ಬಾಳುತ್ತಿದ್ದಾರೆ.

ನಮ್ಮ ಬೀದಿದೀಪಗಳಿಗೂ ಅಂಥ ಮರೆ ಬರುವವರೆಗೆ, ಕೃತ್ತಿಕೆಯ ಮಳೆ ಬಿದ್ದು ಧೂಳಡಗಿದ ಅಮಾವಾಸ್ಯೆಯ ಆಚೀಚಿನ ಒಂದು ರಾತ್ರಿ, ದಾವಣಗೆರೆ ಹರಿಹರಗಳ ಬೆಳಕನ್ನು ಬೆನ್ನಿಗೆ ಬಿಟ್ಟು, ಸೂಳೆಕೆರೆಯ ದಾರಿಯಲ್ಲಿ ಗುಡ್ಡ ಮರೆಮಾಡದ ಬಯಲೊಂದನ್ನು ಹುಡುಕಿಕೊಳ್ಳಿ. ಮೊಬೈಲನ್ನು ಜೇಬಿಗಿಳಿಸಿ ಅರ್ಧ ಗಂಟೆ ಸುಮ್ಮನಿರಿ. ಕಣ್ಣು ಕತ್ತಲೆಗೆ ಪಳಗಲು ಅಷ್ಟು ಹೊತ್ತು ಬೇಕು. ಹೊಲದವರಿಗೆ ಮಾತ್ರ ಮುಂಚಿತವಾಗಿ ತಿಳಿಸಿರತಕ್ಕದ್ದು: ನಡುರಾತ್ರಿ ದುರ್ಬೀನು ಹಿಡಿದು ನಿಂತವನನ್ನು ಪಂಪ್‌ಸೆಟ್ ಕಳ್ಳನೆಂದು ಬಗೆದರೆ ತಪ್ಪು ಅವರದಲ್ಲ.